ಇದನ್ನು ಇಲ್ಲಿಗೆ ತಂದವರು ಯಾರು? ಲಾಲ್‌ಬಾಗ್‌ನಿಂದ ತುರಹಳ್ಳಿ ಕಾಡಿಗೆ ಒಂದು ನಡಿಗೆ

ನಡಿಗೆಗೆ ಹೊಸದಾಗಿ ಬರುವವರು ಯಾವ ಮರದ ಮುಂದೆ ನಿಂತರೂ ಮೊದಲು ಕೇಳುವುದು ಅದರ ಹೆಸರನ್ನು. ಹೆಸರು ಹೇಳಿದ ಕೂಡಲೇ ಅದನ್ನು ಫೋನಿನಲ್ಲಿ ಬರೆದುಕೊಳ್ಳುತ್ತಾರೆ, ಒಂದು ಚಿತ್ರ ತೆಗೆಯುತ್ತಾರೆ, ಮುಂದಿನ ಮರದ ಕಡೆಗೆ ಹೊರಟುಬಿಡುತ್ತಾರೆ. ಹೆಸರು ಬೇಡವೆಂದು ನಾನು ಹೇಳುವುದಿಲ್ಲ. ಹೆಸರಿಲ್ಲದೆ ಮಾತು ಮುಂದುವರಿಯುವುದೇ ಕಷ್ಟ. ಆದರೆ ಹೆಸರು ಸಿಕ್ಕಿದ ಕ್ಷಣಕ್ಕೆ ನೋಡುವುದು ನಿಂತುಹೋಗುತ್ತದೆ ಎಂಬುದನ್ನು ಇಷ್ಟು ವರ್ಷಗಳ ತಿರುಗಾಟದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಅದಕ್ಕಾಗಿಯೇ ನಮ್ಮ ಗುಂಪಿನಲ್ಲಿ ಎರಡನೆಯ ಪ್ರಶ್ನೆಯೊಂದನ್ನು ರೂಢಿಗೆ ತಂದೆವು: ಇದನ್ನು ಇಲ್ಲಿಗೆ ತಂದವರು ಯಾರು? ತೋಟದಲ್ಲಿ ಕೇಳಿದರೆ ಈ ಪ್ರಶ್ನೆಗೆ ಉತ್ತರವಾಗಿ ಒಬ್ಬ ಸುಲ್ತಾನನೋ ಒಬ್ಬ ತೋಟಗಾರನೋ ಬರುತ್ತಾನೆ. ಕಾಡಿನಲ್ಲಿ ಕೇಳಿದರೆ ಗಾಳಿ ಬರುತ್ತದೆ, ಪಿಕಳಾರ ಬರುತ್ತದೆ, ಕೆಲವೊಮ್ಮೆ ನಾವೇ ಬರುತ್ತೇವೆ.

ಈ ಎರಡೂ ಬಗೆಯ ಉತ್ತರಗಳನ್ನು ಒಂದೇ ದಿನದಲ್ಲಿ ಕೇಳಿಸಿಕೊಳ್ಳಬೇಕೆಂಬ ಆಸೆಯಿಂದ ನಡಿಗೆಯನ್ನು ಲಾಲ್‌ಬಾಗ್‌ನಲ್ಲಿ ಆರಂಭಿಸಿ ತುರಹಳ್ಳಿಯಲ್ಲಿ ಮುಗಿಸುತ್ತೇವೆ. ನಡುವಿನ ದಾರಿಯನ್ನು ಮೆಟ್ರೊ ಸುಲಭ ಮಾಡಿದೆ. ಹಸಿರು ಮಾರ್ಗ 2021ರ ಜನವರಿಯಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಯಾಗುವ ಮುನ್ನ ಈ ಕೆಲಸಕ್ಕೆ ಒಂದು ವ್ಯಾನು ಗೊತ್ತುಮಾಡಬೇಕಾಗುತ್ತಿತ್ತು, ಆ ವ್ಯಾನು ಬನಶಂಕರಿಯ ದಟ್ಟಣೆಯಲ್ಲಿ ಸಿಕ್ಕಿಕೊಂಡಾಗ ತೋಟದಲ್ಲಿ ಕಂಡದ್ದೆಲ್ಲ ಅರ್ಧ ಮರೆತುಹೋಗುತ್ತಿತ್ತು.

ಬೆಳಿಗ್ಗೆ ಮೊದಲು ನಾವು ನಿಲ್ಲುವುದು ಮರದ ಮುಂದಲ್ಲ, ಬಂಡೆಯ ಮೇಲೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಗುಡ್ಡವನ್ನು ನೀವೆಲ್ಲರೂ ಹತ್ತಿದ್ದೀರಿ, ಅಲ್ಲಿಂದ ಊರನ್ನು ನೋಡಿದ್ದೀರಿ. ಕಾಲ ಕೆಳಗಿನ ಕಲ್ಲನ್ನು ನೋಡಿದವರು ಎಷ್ಟು ಮಂದಿ ಎಂದು ಕೇಳಿದರೆ ಕೈಗಳು ಕಡಿಮೆ ಏಳುತ್ತವೆ. ಬಗ್ಗಿ ನೋಡಿದರೆ ಕಪ್ಪು ಮತ್ತು ಬಿಳಿ ಪಟ್ಟೆಗಳು ಒಂದರ ಪಕ್ಕ ಒಂದು ಹರಿದು, ಕೆಲವು ಕಡೆ ಹಿಟ್ಟು ನಾದಿದಂತೆ ಮಡಚಿಕೊಂಡಿರುವುದು ಕಾಣುತ್ತದೆ. ಬಿಳಿಯದು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಮುಖ್ಯವಾಗಿ ಕಾಗೆಬಂಗಾರದ ಜಾತಿಯ ಖನಿಜ. ನೆಲದ ಆಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಸಿಕ್ಕು ಹೀಗೆ ಪದರಗಟ್ಟಿದ ಈ ಶಿಲೆಗೆ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯೂ. ಎಫ್. ಸ್ಮೀತ್ 1916ರಲ್ಲಿ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ನೈಸ್ ಎಂದರೆ ನಮ್ಮೂರಿನವರಿಗೆ ರಸ್ತೆ ನೆನಪಾಗುತ್ತದೆ, ಆ ರಸ್ತೆಯೂ ತುರಹಳ್ಳಿಗೆ ದೂರವಿಲ್ಲ. ಆದರೆ ಈ ನೈಸ್‌ನ ವಯಸ್ಸು ಸುಮಾರು 300 ಕೋಟಿ ವರ್ಷ. 1975ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ನಮ್ಮ ಪ್ರಶ್ನೆಗೆ ಇಡೀ ತೋಟದಲ್ಲಿ ಉತ್ತರ ಕೊಡದೆ ಇರುವುದು ಇದೊಂದೇ. ಇದನ್ನು ಯಾರೂ ತರಲಿಲ್ಲ, ಉಳಿದುದೆಲ್ಲ ಇದರ ಸುತ್ತ ಬಂದು ಸೇರಿತು.

ಬಂದು ಸೇರಿದ ಕತೆ 1760ರಲ್ಲಿ ಹೈದರ್ ಅಲಿಯಿಂದ ಶುರುವಾಗುತ್ತದೆ. ಸುಮಾರು 40 ಎಕರೆಯಲ್ಲಿ ಅವನು ಹಾಕಿಸಿದ ತೋಟವನ್ನು ಟಿಪ್ಪು ಬೆಳೆಸಿದನು, ದೂರ ದೇಶಗಳಿಂದ ಬೀಜ ಸಸಿಗಳನ್ನು ತರಿಸಿದನು. ಈಗ ಅದು 240 ಎಕರೆ. ಹಳೆಯ ಮಾವಿನ ಮರಗಳ ಮುಂದೆ ನಿಂತಾಗ, ಇವು ಟಿಪ್ಪು ಕಾಲದವು ಎಂದು ಹೇಳುವ ಫಲಕವನ್ನು ಓದಿ ಮುಂದೆ ಹೋಗಬೇಡಿ. ಕಾಂಡವನ್ನು ಒಮ್ಮೆ ಸುತ್ತು ಹಾಕಿ, ಯಾವ ಕೊಂಬೆ ಸತ್ತಿದೆ, ಎಲ್ಲಿ ಚಿಗುರಿದೆ, ಪೊಟರೆಯಲ್ಲಿ ಗಿಳಿ ಇಣುಕುತ್ತಿದೆಯೇ ಎಂದು ನೋಡಿ. ತೋಟ ಎಂಬುದು ರಾಜರು ನೆಟ್ಟ ಮೇಲೂ ಎರಡೂವರೆ ಶತಮಾನ ನೀರು ಹೊತ್ತವರ, ಕಳೆ ಕಿತ್ತವರ ಕೆಲಸ. ಅವರ ಹೆಸರುಗಳು ಯಾವ ಫಲಕದಲ್ಲೂ ಇಲ್ಲ.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. 1858ರಲ್ಲಿ ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಪಳಗಿದ ವಿಲಿಯಂ ನ್ಯೂ ಬಂದರು, ಅವರ ತರುವಾಯ ಜಾನ್ ಕ್ಯಾಮರಾನ್ ಬಂದರು. ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು ಕ್ಯಾಮರಾನ್ ಕಾಲದಲ್ಲಿ. ಫಲಪುಷ್ಪ ಪ್ರದರ್ಶನದ ಕಾರಣಕ್ಕೆ ಆ ಮನೆ ಎಲ್ಲರಿಗೂ ಗೊತ್ತು, ಆದ್ದರಿಂದ ನಾವು ಅಲ್ಲಿ ನಿಲ್ಲುವುದಿಲ್ಲ. ಕ್ಯಾಮರಾನ್ ಅವರನ್ನು ನಾನು ನೆನೆಯುವುದು ಸೀಮೆಬದನೆಕಾಯಿಯ ನೆಪದಲ್ಲಿ. ಮೆಕ್ಸಿಕೋ ಮೂಲದ ಈ ಬಳ್ಳಿಯನ್ನು ಇಲ್ಲಿ ಬೇರೂರಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಕನ್ನಡದವರು ಅದು ಹೊರಗಿನಿಂದ ಬಂದದ್ದೆಂದು ನೆನಪಿಟ್ಟು ‘ಸೀಮೆ’ ಎಂಬ ಮಾತನ್ನು ಮುಂದೆ ಸೇರಿಸಿದರು. ತೆಲುಗರು ಅದನ್ನು ಬೆಂಗಳೂರು ವಂಕಾಯ ಎಂದರು, ತಮಿಳರು ಬೆಂಗಳೂರು ಕತ್ತರಿಕಾಯಿ ಎಂದರು. ಒಂದೇ ಕಾಯಿ ನಮ್ಮ ಸಾಂಬಾರಿನಲ್ಲಿ ಪರದೇಶಿ, ಪಕ್ಕದ ರಾಜ್ಯದ ಸಾಂಬಾರಿನಲ್ಲಿ ಬೆಂಗಳೂರಿನದು! ಒಂದು ಗಿಡ ಎಲ್ಲಿಯದು ಎಂದು ಹೇಳುವಾಗ ನಾವು ಯಾವ ಊರಿನಲ್ಲಿ ನಿಂತು ಹೇಳುತ್ತಿದ್ದೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇದರ ಇನ್ನೊಂದು ರೂಪವನ್ನು ನಾಗಲಿಂಗ ಪುಷ್ಪದ ಮರದ ಕೆಳಗೆ ನೋಡುತ್ತೇವೆ. ಹೂವು ಕೊಂಬೆಯ ತುದಿಯಲ್ಲಿ ಬಿಡದೆ ನೇರವಾಗಿ ಕಾಂಡದಿಂದ ಹೊರಟ ಜಡೆಗಳಲ್ಲಿ ಬಿಡುತ್ತದೆ. ನಡುವೆ ಲಿಂಗದಂಥ ಗುಬುಟು, ಅದರ ಮೇಲೆ ಬಾಗಿದ ಹೆಡೆ. ಶಿವಾಲಯಗಳ ಅಂಗಳದಲ್ಲಿ ಇದನ್ನು ನೋಡಿ ಬೆಳೆದವರಿಗೆ ಇದು ದಕ್ಷಿಣ ಅಮೆರಿಕದ ಮರವೆಂದು ಹೇಳಿದರೆ ಸ್ವಲ್ಪ ಬೇಸರವೇ ಆಗುತ್ತದೆ. ಗುಂಪಿನಲ್ಲಿದ್ದ ಹಿರಿಯರೊಬ್ಬರು ಒಮ್ಮೆ, ‘ಶಿವ ಎಲ್ಲಿಯವನೆಂದು ಯಾರೂ ಕೇಳುವುದಿಲ್ಲವಲ್ಲ, ಹೂವನ್ನು ಏಕೆ ಕೇಳುತ್ತೀರಿ’ ಎಂದು ನನ್ನ ಬಾಯಿ ಮುಚ್ಚಿಸಿದರು. ಬಿದ್ದ ಹೂವೊಂದನ್ನು ಎತ್ತಿಕೊಂಡು ಭೂತಗನ್ನಡಿಯಲ್ಲಿ ನೋಡಿದರೆ ಅದರಲ್ಲಿ ಎರಡು ಬಗೆಯ ಕೇಸರಗಳಿರುವುದು ತಿಳಿಯುತ್ತದೆ. ಹೆಡೆಯ ಮೇಲಿನವು ಜೇನು ಮತ್ತು ದುಂಬಿಗಳ ಆಹಾರಕ್ಕೆ. ಬುಡದ ಉಂಗುರದಲ್ಲಿರುವ ಗಿಡ್ಡ ಕೇಸರಗಳ ಪರಾಗವೇ ಬೀಜ ಕಟ್ಟಲು ಬರುವುದು. ದುಂಬಿ ಹೆಡೆಯ ಊಟ ಮಾಡುತ್ತಿರುವಾಗ ಅದರ ಬೆನ್ನಿಗೆ ಉಂಗುರದ ಪರಾಗ ಮೆತ್ತಿಕೊಳ್ಳುತ್ತದೆ.

ಕ್ರಿಸ್‌ಮಸ್ ಮರವೆಂದು ನಾವು ಕರೆಯುವ, ಗೋಪುರದಂತೆ ಏರಿದ ಅರೌಕೇರಿಯಾಗಳ ಬಳಿ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇವೆ. ದಾರಕ್ಕೆ ಸಣ್ಣ ಕಲ್ಲು ಕಟ್ಟಿ, ಕೈ ಚಾಚಿ ಹಿಡಿದು, ಮರ ಎತ್ತ ವಾಲಿದೆ ಎಂದು ನೋಡಬೇಕು. ಶಾಂತಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಈ ಮರವನ್ನು ಎಲ್ಲಿ ನೆಟ್ಟರೂ ಅದು ಭೂಮಧ್ಯರೇಖೆಯ ಕಡೆಗೆ ಬಾಗುತ್ತದೆ ಎಂದು 2017ರಲ್ಲಿ ಐದು ಖಂಡಗಳ 256 ಮರಗಳನ್ನು ಅಳೆದ ವಿಜ್ಞಾನಿಗಳು ಪ್ರಕಟಿಸಿದರು. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಬಾಗು ಹೆಚ್ಚು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ, ಹಾಗಾಗಿ ಇಲ್ಲಿಯ ಬಾಗು ತೀರ ದೊಡ್ಡದೇನಲ್ಲ. ಮಕ್ಕಳು ಕೆಲವು ಮರಗಳಿಗೆ ದಕ್ಷಿಣವೆಂದೂ ಕೆಲವಕ್ಕೆ ಏನೂ ಗೊತ್ತಾಗುವುದಿಲ್ಲವೆಂದೂ ಬರೆದು ತರುತ್ತಾರೆ. ಗೊತ್ತಾಗುವುದಿಲ್ಲ ಎಂದು ಬರೆದವರನ್ನೇ ನಾನು ಹೆಚ್ಚು ಮೆಚ್ಚುತ್ತೇನೆ, ಏಕೆಂದರೆ ಉತ್ತರ ಮೊದಲೇ ತಿಳಿದಿದ್ದಾಗ ಹಾಗೆ ಬರೆಯುವುದಕ್ಕೆ ಧೈರ್ಯ ಬೇಕು.

ಇಲ್ಲಿ ಒಂದು ಮಾತನ್ನು ನಡಿಗೆಯ ಕ್ರಮದ ಬಗ್ಗೆ ಹೇಳಿಬಿಡುತ್ತೇನೆ. ನಮ್ಮ ಗುಂಪು 15 ಜನರನ್ನು ಮೀರುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಮಾತು ಕೇಳುವುದಿಲ್ಲ, ಕೇಳಿಸಲು ಧ್ವನಿ ಏರಿಸಿದರೆ ಹಕ್ಕಿ ಹಾರಿಹೋಗುತ್ತದೆ. ನಿಧಾನವಾಗಿ ನಡೆಯುವವರು ಮುಂದೆ ಇರಬೇಕೆಂಬುದು ನಮ್ಮ ನಿಯಮ. ಮೊಣಕಾಲು ನೋವಿನ ಅಜ್ಜಿಯೊಬ್ಬರು ಎರಡು ವರ್ಷ ನಮ್ಮ ಸಾಲಿನ ಮುಂದೆ ನಡೆದರು; ಅವರು ಉಸಿರಿಗಾಗಿ ನಿಂತಲ್ಲೆಲ್ಲ ನಾವೂ ನಿಲ್ಲಬೇಕಾಗುತ್ತಿತ್ತು, ಆ ಎರಡು ವರ್ಷಗಳಲ್ಲಿ ಕಂಡಷ್ಟು ಗೂಡುಗಳನ್ನೂ ಪೊರೆಗಳನ್ನೂ ನಾವು ಮತ್ತೆ ಎಂದೂ ಕಂಡಿಲ್ಲ. ಹಾಗೆಯೇ, ಬಿದ್ದುದನ್ನು ಎತ್ತಿ ನೋಡಬಹುದು, ಗಿಡದಲ್ಲಿರುವುದನ್ನು ಕೀಳುವಂತಿಲ್ಲ. ಹಕ್ಕಿಯ ದನಿಯನ್ನು ಫೋನಿನಲ್ಲಿ ಹಾಕಿ ಕರೆಯುವುದಂತೂ ಬೇಡವೇ ಬೇಡ.

ಲಾಲ್‌ಬಾಗ್‌ನಿಂದ ಹೊರಬೀಳುವ ಮುನ್ನ ಜಿ. ಎಚ್. ಕ್ರುಂಬಿಗಲ್ ಅವರ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಜರ್ಮನಿಯಲ್ಲಿ ಹುಟ್ಟಿ, ಕ್ಯೂ ತೋಟದಲ್ಲಿ ದುಡಿದು, ಬರೋಡದ ಮೂಲಕ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಅವರು 1932ರವರೆಗೆ ಲಾಲ್‌ಬಾಗ್ ನೋಡಿಕೊಂಡರು, 1956ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡರು. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ರಸ್ತೆಗಳಿಗೆ ಸಾಲುಮರ ಆರಿಸಿದ ಯೋಜನೆ ಅವರದು. ಚಳಿ ಮುಗಿಯುವಾಗ ಟಬೂಬಿಯಾ, ಮಾರ್ಚಿಯಲ್ಲಿ ನೀಲಿ ಜಕರಂಡಾ, ಬಿಸಿಲು ಏರಿದಂತೆ ಗುಲ್‌ಮೊಹರ್ ಮತ್ತು ಹೊಳೆದಾಸವಾಳ: ಊರಿಗೆ ಊರೇ ಒಂದು ಪಂಚಾಂಗವಾಯಿತು. ಇವುಗಳಲ್ಲಿ ಹೊಳೆದಾಸವಾಳವೊಂದೇ ನಮ್ಮ ನೆಲದ್ದು. ಗುಲ್‌ಮೊಹರ್ ಮಡಗಾಸ್ಕರ್‌ನದು, ಜಕರಂಡಾ ದಕ್ಷಿಣ ಅಮೆರಿಕದ್ದು, ಮೊಗ್ಗನ್ನು ಹಿಸುಕಿ ಒಬ್ಬರ ಮೇಲೊಬ್ಬರು ನೀರು ಚಿಮ್ಮಿಸಿ ನಾವು ಆಡಿದ ನೀರುಕಾಯಿ ಮರ ಆಫ್ರಿಕದ್ದು. ಬೆಂಗಳೂರಿನ ಬಾಲ್ಯವೆಂದು ನಾವು ನೆನೆಯುವುದರ ಬಹುಪಾಲು ಹಡಗಿನಲ್ಲಿ ಬಂದದ್ದು.

ಪಶ್ಚಿಮದ ದ್ವಾರದಿಂದ ಹೊರಬಂದು ಮೆಟ್ರೊ ಹತ್ತಿದ ಮೇಲೆ ಫೋನ್ ತೆಗೆಯಬೇಡಿ, ನಿಲ್ದಾಣಗಳ ಹೆಸರು ಕೇಳಿ. ಯಲಚೇನಹಳ್ಳಿ ಎಂದಾಗ ಮುಳ್ಳಿನ ನಡುವೆ ಕೈ ಹಾಕಿ ಎಲಚಿ ಹಣ್ಣು ಆಯ್ದವರಿಗೆ ನಾಲಿಗೆ ಹುಳಿಯಾಗುತ್ತದೆ. ಕೋಣನಕುಂಟೆಯಲ್ಲಿ ಒಂದು ಕುಂಟೆ ಇದೆ, ದೊಡ್ಡಕಲ್ಲಸಂದ್ರದಲ್ಲಿ ಕಲ್ಲೂ ಇದೆ, ಸಂದ್ರವೆಂದು ಸವೆದುಹೋದ ಸಮುದ್ರ, ಎಂದರೆ ಕೆರೆಯೂ ಇದೆ. ಕಿಟಕಿಯಾಚೆ ಕಾಣುವುದು ಬರೀ ಅಪಾರ್ಟ್‌ಮೆಂಟ್. ಮುಳ್ಳುಗಿಡ, ಬಂಡೆ, ನೀರು ಇವು ಮೂರೂ ಸೇರಿದ ಆ ಹಳೆಯ ನೆಲ ಹೇಗಿತ್ತು ಎಂಬುದನ್ನು ಹೆಸರಿನಲ್ಲಿ ಮಾತ್ರವಲ್ಲದೆ ಕಣ್ಣಾರೆ ನೋಡಬೇಕೆಂದರೆ ವಾಜರಹಳ್ಳಿಯಲ್ಲಿ ಇಳಿದು ತುರಹಳ್ಳಿಗೆ ಹೋಗಬೇಕು.

ತುರಹಳ್ಳಿ ಕಾಡು ಮೊದಲ ನೋಟಕ್ಕೆ ನಿರಾಸೆ ಮಾಡುತ್ತದೆ, ಇದನ್ನು ಮುಂಚಿತವಾಗಿ ಹೇಳಿಬಿಡುವುದು ಒಳ್ಳೆಯದು. ಕಾಡೆಂದರೆ ಆಗುಂಬೆಯನ್ನು ಕಲ್ಪಿಸಿಕೊಂಡು ಬಂದವರಿಗೆ ಇಲ್ಲಿ ಸಿಗುವುದು ಎದೆಯೆತ್ತರದ ಕುರುಚಲು, ಬಿಸಿಲಿಗೆ ಕಾದ ಗುಂಡುಗಳು, ನೀಲಗಿರಿ ತೋಪು. ಫಲಕಗಳಿಲ್ಲ, ಕಲ್ಲುಬೆಂಚಿಲ್ಲ. ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡೇ ಒಳಗೆ ಹೋಗಬೇಕು, ಕತ್ತಲಾಗುವ ಮುನ್ನ ಹೊರಗೆ ಬರಬೇಕು. ಆದರೆ ಒಂದು ಬಂಡೆಯನ್ನು ಹತ್ತಿ ಕುಳಿತು ಕೈಯಿಂದ ಸವರಿ ನೋಡಿದರೆ ಬೆಳಿಗ್ಗೆ ಕಂಡ ಅದೇ ಕಪ್ಪು ಬಿಳಿ ಪಟ್ಟೆಗಳು ಸಿಗುತ್ತವೆ. ಕಲ್ಲು ಅದೇ, ಅಲ್ಲಿ ಅದರ ಸುತ್ತ ತೋಟ ಹಾಕಿದರು, ಇಲ್ಲಿ ಹಾಕಲಿಲ್ಲ. ಇಷ್ಟನ್ನು ಕಂಡ ಮೇಲೆ ನಿರಾಸೆ ಕಡಿಮೆಯಾಗುತ್ತದೆ, ಎರಡನೆಯ ಪ್ರಶ್ನೆಗೆ ಬೇರೆಯೇ ಬಗೆಯ ಉತ್ತರಗಳು ಬರತೊಡಗುತ್ತವೆ.

ದಾರಿಯುದ್ದಕ್ಕೂ ಇರುವ ಬಂದರಿಕೆ ಗಿಡವನ್ನು ನೋಡಿ. ಎಲೆ ಮುಟ್ಟಿದರೆ ಅಂಟು, ಮೇಕೆಗೂ ಅಷ್ಟಾಗಿ ಬೇಡ. ಕಾಯಿಗೆ ತೆಳು ಕಾಗದದಂಥ ರೆಕ್ಕೆಗಳಿವೆ. ಒಣಗಿದಾಗ ಅಂಗೈ ಮೇಲಿಟ್ಟು ಊದಿದರೆ ಎರಡು ಮಾರು ದೂರ ಹಾರುತ್ತದೆ. ಇದನ್ನು ತಂದದ್ದು ಗಾಳಿ. ಕಕ್ಕೆ ಮರದ ಮೊಳದುದ್ದದ ಕಾಯಿ ಅಷ್ಟು ಸುಲಭಕ್ಕೆ ಹಾರದು. ಒಳಗಿನ ಕಪ್ಪು ತಿರುಳಿನ ಆಸೆಗೆ ಪ್ರಾಣಿಗಳು ಅದನ್ನು ಒಡೆದು ತಿಂದು ಬೀಜವನ್ನು ಬೇರೆಡೆ ಹಾಕಬೇಕು. ಯಾವುದಾದರೂ ಮರದ ನೆತ್ತಿಯಲ್ಲಿ ಬೇರೆಯೇ ಬಣ್ಣದ ಎಲೆಗೊಂಚಲು ಕಂಡರೆ ಅದು ಬದನಿಕೆ. ಇದರ ಹಣ್ಣಿನ ಬೀಜ ಎಷ್ಟು ಅಂಟಾಗಿದೆಯೆಂದರೆ, ತಿಂದ ಪುಟ್ಟ ಹಕ್ಕಿ ಅದನ್ನು ಕೊಂಬೆಗೆ ಉಜ್ಜಿಯೇ ಬಿಡಿಸಿಕೊಳ್ಳಬೇಕು. ಉಜ್ಜಿದ ಜಾಗದಲ್ಲಿ ಬೀಜ ಮೊಳೆತು ತೊಗಟೆಯೊಳಗೆ ಬೇರಿಳಿಸುತ್ತದೆ. ಆ ಹಕ್ಕಿಯನ್ನೂ ಕನ್ನಡದಲ್ಲಿ ಬದನಿಕೆ ಎಂದು ಕರೆಯುವುದುಂಟು. ಗಿಡಕ್ಕೂ ಅದನ್ನು ಹರಡುವ ಹಕ್ಕಿಗೂ ಒಂದೇ ಹೆಸರಿಟ್ಟವರು ಇವೆರಡನ್ನು ಬಿಡಿಸಿ ನೋಡಲಿಲ್ಲವೆಂದು ಕಾಣುತ್ತದೆ. ಹೆಸರುಗಳ ಬಗ್ಗೆ ಮೊದಲಿಗೆ ನಾನು ಆಡಿದ ಮಾತನ್ನು ಇಲ್ಲಿ ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ: ಕೆಲವು ಹೆಸರುಗಳಲ್ಲಿ ನೋಟವೂ ಸೇರಿಕೊಂಡಿರುತ್ತದೆ.

ನೀಲಗಿರಿಯ ಹೆಸರಿನಲ್ಲಿ ಮಾತ್ರ ಹಾಗಿಲ್ಲ. ಆಸ್ಟ್ರೇಲಿಯಾದ ಮರಕ್ಕೆ ನಾವು ನಮ್ಮ ಬೆಟ್ಟದ ಹೆಸರಿಟ್ಟುಕೊಂಡೆವು. ಟಿಪ್ಪು ಅದನ್ನು ನಂದಿಬೆಟ್ಟದಲ್ಲಿ ನೆಡಿಸಿದನೆಂಬ ಮಾತಿದೆ. ಬಯಲುಸೀಮೆಯ ಹೊಲಗಳಿಗೂ ಅರಣ್ಯದ ನೆಲಕ್ಕೂ ಅದನ್ನು ಹಬ್ಬಿಸಿದ್ದು ಮಾತ್ರ ಕಳೆದ ಶತಮಾನದ ಸೌದೆ ಮತ್ತು ಕಾಗದದ ತಿರುಳಿನ ಬೇಡಿಕೆ. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ತೋಪಿನೊಳಗೆ ಹೋಗಿ ನಿಂತು ಕೆಳಗೆ ಏನು ಬೆಳೆದಿದೆ ಎಂದು ಎಣಿಸಿ, ಆಮೇಲೆ ಹೊರಗೆ ಕುರುಚಲಿನಲ್ಲಿ ಅಷ್ಟೇ ಜಾಗದಲ್ಲಿ ಎಣಿಸಿ. ಅಂಕಿಯನ್ನು ನಾನು ಹೇಳುವುದಿಲ್ಲ, ನೀವೇ ಬರೆದುಕೊಳ್ಳಿ.

ಈಗ ಲಂಟಾನಕ್ಕೆ ಬರೋಣ, ಏಕೆಂದರೆ ತೋಟವನ್ನೂ ಕಾಡನ್ನೂ ಒಂದೇ ದಿನ ನೋಡಬೇಕೆಂದು ನಾನು ಹಟ ಹಿಡಿಯುವುದು ಈ ಗಿಡದ ಕಾರಣಕ್ಕೆ. ಅಮೆರಿಕ ಖಂಡದ ಈ ಪೊದೆಯನ್ನು 19ನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಹೂವಿನ ಅಂದಕ್ಕಾಗಿ ತಂದರು. ಅಂದವೇನೋ ನಿಜ. ಒಂದೇ ಗೊಂಚಲಿನಲ್ಲಿ ಹಳದಿಯೂ ಗುಲಾಬಿಯೂ ಇರುತ್ತವೆ. ಹೊಸದಾಗಿ ಅರಳಿದ್ದು ಹಳದಿ, ಪರಾಗಸ್ಪರ್ಶವಾದ ಮೇಲೆ ಬಣ್ಣ ಬದಲಾಗುತ್ತದೆ, ಚಿಟ್ಟೆಗಳು ಬಣ್ಣ ನೋಡಿ ಮಕರಂದ ಇರುವ ಹೂವಿಗೇ ಹೋಗುತ್ತವೆ. ಐದು ನಿಮಿಷ ನಿಂತು ನೋಡಿದರೆ ನಿಮಗೇ ಇದು ಕಾಣುತ್ತದೆ. ಕಪ್ಪು ಹಣ್ಣನ್ನು ಪಿಕಳಾರಗಳು ತಿಂದು ಬೇಲಿ ದಾಟಿಸಿದವು. ಮುಂದಿನದು ನಿಮಗೆ ಗೊತ್ತಿರುವುದೇ: ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ಇಲ್ಲಿ ತುರಹಳ್ಳಿಯಲ್ಲಿ ಹುಲ್ಲು ಇರಬೇಕಾದ ನೆಲವನ್ನು ಅದು ಮುಚ್ಚಿ ಕುಳಿತಿದೆ. ತೋಟದ ಬೇಲಿ ಜನರನ್ನು ತಡೆಯುತ್ತದೆ, ಪಿಕಳಾರವನ್ನು ತಡೆಯುವುದಿಲ್ಲ.

ಹಾಗೆಂದು ಲಂಟಾನವನ್ನು ಕಂಡಲ್ಲೆಲ್ಲ ಕಡಿಯಬೇಕೆನ್ನುವವರನ್ನು ಒಂದು ಪೊದೆಯ ಬಳಿಗೆ ಕರೆದುಕೊಂಡು ಹೋಗುತ್ತೇನೆ. ಅದರ ನಡುವಿನಿಂದ ಒಂದು ಶ್ರೀಗಂಧದ ಸಸಿ ಮೇಲೆದ್ದಿದೆ. ಎಲ್ಲಿ ಎಂದು ಇಲ್ಲಿ ಹೇಳುವುದಿಲ್ಲ, ಕಾರಣ ನಿಮಗೆ ಗೊತ್ತು. ಗಂಧದ ಹಣ್ಣನ್ನು ತಿಂದ ಹಕ್ಕಿ ಪೊದೆಯ ಮೇಲೆ ಕುಳಿತು ಬೀಜ ಬೀಳಿಸಿದೆ, ಪೊದೆಯ ಮುಳ್ಳು ಸಸಿಯನ್ನು ದನಗಳಿಂದ ಕಾದಿದೆ. ಗಂಧದ ಬೇರು ಅಕ್ಕಪಕ್ಕದ ಗಿಡಗಳ ಬೇರಿಗೆ ಬಾಯಿಟ್ಟು ಆಹಾರ ಹೀರುವಂಥದು, ಆದ್ದರಿಂದ ಅದಕ್ಕೆ ನೆರೆಹೊರೆ ಬೇಕು. ಮೈಸೂರು ಸೀಮೆಯಲ್ಲಿ ಟಿಪ್ಪು 1792ರಲ್ಲಿ ರಾಜವೃಕ್ಷವೆಂದು ಸಾರಿದ ಮರ ಇಂದು ಕಲ್ಕತ್ತದ ತೋಟದಿಂದ ತಪ್ಪಿಸಿಕೊಂಡ ಕಳೆಯ ಮಡಿಲಲ್ಲಿ ಬೆಳೆಯುತ್ತಿದೆ. ಈ ಪೊದೆಯನ್ನು ಕಡಿಯಬೇಕೇ ಬೇಡವೇ ಎಂದು ನಮ್ಮ ಗುಂಪಿನಲ್ಲಿ ಪ್ರತಿ ಸಲವೂ ಚರ್ಚೆಯಾಗುತ್ತದೆ, ಇದುವರೆಗೆ ಮುಗಿದಿಲ್ಲ. ನನ್ನ ಮಟ್ಟಿಗೆ, ಸಸಿ ಆಳೆತ್ತರ ಆಗುವವರೆಗೆ ಬಿಡಬೇಕು.

ಇನ್ನೊಂದು ಚರ್ಚೆಯನ್ನು ಊರೇ ಮಾಡಿತು. 2021ರಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾಪ ಬಂದಾಗ ಸುತ್ತಲಿನ ನಿವಾಸಿಗಳೂ ಪರಿಸರಾಸಕ್ತರೂ ವಿರೋಧಿಸಿದರು. ತೋಟಗಳನ್ನು ಪ್ರೀತಿಸುವವನಾದ ನನಗೂ ಆ ವಿರೋಧ ಸರಿಯೆಂದೇ ಕಂಡಿತು. ನವಿಲು ಮೊಟ್ಟೆಯಿಡುವ ಕುರುಚಲಿಗೆ ಕಲ್ಲುಹಾಸಿನ ಹಾದಿ ಬೇಕಾಗಿಲ್ಲ. ಬೇಕಾದವರಿಗೆ ಹತ್ತಾರು ನಿಮಿಷದ ಮೆಟ್ರೊ ದೂರದಲ್ಲಿ 240 ಎಕರೆ ಇದೆ.

2024ರ ಫೆಬ್ರವರಿಯಲ್ಲಿ ನಾವು ಎಂದಿನಂತೆ ಲಾಲ್‌ಬಾಗ್‌ಗೆ ಹೋದಾಗ ಹುಲ್ಲುಹಾಸಿನ ಮೇಲೆ ಆನೆಗಳ ಹಿಂಡು ನಿಂತಿತ್ತು. ಆನೆಯಷ್ಟೇ ದೊಡ್ಡ ಆಕೃತಿಗಳು, ಎಲ್ಲವೂ ಲಂಟಾನದ ಕಡ್ಡಿಯವು. ಕಾಡಿನಲ್ಲಿ ಕಡಿದ ಕಳೆಯನ್ನು ಬೇಯಿಸಿ, ಸಿಪ್ಪೆ ತೆಗೆದು, ಬಾಗಿಸಿ ಆದಿವಾಸಿ ಕುಶಲಕರ್ಮಿಗಳು ಕಟ್ಟಿದಂಥವು. ಒಂದು ತೋಟದಿಂದ ಹೊರಟ ಗಿಡ ಇನ್ನೂರು ವರ್ಷ ಕಾಡು ಸುತ್ತಿ, ಆನೆಯ ಮೇವನ್ನು ಕಸಿದು, ಕೊನೆಗೆ ಆನೆಯ ಆಕಾರದಲ್ಲಿಯೇ ಇನ್ನೊಂದು ತೋಟಕ್ಕೆ ಬಂದು ನಿಂತಿತ್ತು. ‘ಇದನ್ನು ಇಲ್ಲಿಗೆ ತಂದವರು ಯಾರು’ ಎಂದು ಗುಂಪಿನ ಹುಡುಗಿಯೊಬ್ಬಳು ಕೇಳಿದಳು. ಲಾರಿ ಎಂದು ನಾನು ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ.

ಮುಂದಿನ ನಡಿಗೆಗೆ ಬರುವವರು ನೀರು, ಟೊಪ್ಪಿಗೆ, ಪೂರ್ತಿ ಕಾಲು ಮುಚ್ಚುವ ಬಟ್ಟೆ ತನ್ನಿ. ಒಂದು ಸಣ್ಣ ಹಣಿಗೆಯನ್ನೂ ತನ್ನಿ. ತುರಹಳ್ಳಿಯಿಂದ ಹೊರಡುವ ಮುನ್ನ ಬಂಡೆಯ ಮೇಲೆ ಎಲ್ಲರೂ ಸಾಲಾಗಿ ಕುಳಿತು ಪಂಚೆ, ಪ್ಯಾಂಟು, ಸೀರೆಯ ಅಂಚು, ಕಾಲುಚೀಲಗಳಿಗೆ ಅಂಟಿಕೊಂಡ ಉತ್ತರಾಣಿಯ ಬೀಜ, ಮುಳ್ಳುಹುಲ್ಲಿನ ತೆನೆಗಳನ್ನು ಒಂದೊಂದಾಗಿ ಬಿಡಿಸಿ ಅಲ್ಲಿಯೇ ಹಾಕುತ್ತೇವೆ. ಇದಕ್ಕೆ ಸುಮಾರು 20 ನಿಮಿಷ ಹಿಡಿಯುತ್ತದೆ. ಎಷ್ಟು ಎಚ್ಚರ ವಹಿಸಿದರೂ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯುವಾಗ ಯಾರದಾದರೂ ಕಾಲುಚೀಲದಲ್ಲಿ ಎರಡು ಬೀಜ ಉಳಿದೇ ಇರುತ್ತವೆ.